ಮತ್ತೆ ತೆರೆದ ಸೂರ್ಯನ ಗುಡಿ

ಜೂನ್ ೧೯

ಇವತ್ತು ನಾನು ಸೂರ್ಯದೇವನ ಪೂಜಾರಿಯಾದೆ. ಒಂದು ಸೀನಿನಿಂದಾಗಿ.

ಬರೆದಿಡದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ. ರೋಮಿನ ಹೊಸ ಚಕ್ರವರ್ತಿಗಳು ದಂಡು ಕಟ್ಟಿಕೊಂಡು ಪೂರ್ವದ ಅಂತಿಯೋಕ ಪಟ್ಟಣಕ್ಕೆ ಹೊರಟವರು ನಮ್ಮ ಮಿರಂದದ ಕಡೆ ತಿರುಗದೆ ಕೆಳಗಿನ ಹೆದ್ದಾರಿಯಲ್ಲೇ ಹೋದರು. ಅವರ ಬದಲಿಗೆ ಫಸ್ಕಿನಸ್ ಎಂಬ ಅಧಿಕಾರಿ ಬಂದ. ನಗರಸಭೆಯ ನಮ್ಮೆಲ್ಲರನ್ನೂ ಕೂಡಿಸಿ ಆಜ್ಞೆ ಓದಿದ: ಹಿಂದಿನ ಕ್ರೈಸ್ತ ಚಕ್ರವರ್ತಿಗಳು ಮುಚ್ಚಿಸಿದ ಗುಡಿಗಳೆಲ್ಲ ತೆರೆಯಬೇಕು, ಅಜ್ಜಂದಿರು ಪೂಜಿಸಿದ ದೇವರುಗಳಿಗೆ ಮತ್ತೆ ಹೋಮ ನಡೆಯಬೇಕು. ಓದಿ ಮುಗಿಸಿ, "ಇಲ್ಲಿನ ಸೂರ್ಯನ ಗುಡಿಗೆ ಪೂಜಾರಿ ಯಾರಾಗ್ತೀರಿ?" ಅಂತ ಕೇಳಿದ.

ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡರು. ಅರ್ಧ ಜನ ಕ್ರೈಸ್ತರು. ಉಳಿದರ್ಧ, ನಾಳೆ ಇನ್ನೊಬ್ಬ ಚಕ್ರವರ್ತಿ ಬಂದರೆ ಏನು ಗತಿ ಅನ್ನುವವರು. ನಾನು ಮೂರನೆಯ ಜಾತಿ. ಯಾವ ದೇವರಿಗೂ ನಾನು ತೊಂದರೆ ಕೊಟ್ಟಿಲ್ಲ, ನನಗೂ ಯಾವ ದೇವರೂ ತೊಂದರೆ ಕೊಡಬಾರದು ಅಂತ ಉಣ್ಣೆ ವ್ಯಾಪಾರ ಮಾಡಿಕೊಂಡು ಬದುಕಿದವನು. ಆ ಉಣ್ಣೆಯ ಧೂಳೇ ಮೂಗಿಗೆ ಹತ್ತಿರಬೇಕು. ಸಭೆಯೆಲ್ಲ ಉಸಿರು ಹಿಡಿದು ಕೂತಿದ್ದಾಗ ಸೀನಿದೆ.

ನಮ್ಮ ಕಡೆ ಸೀನು ಅಂದರೆ ದೇವರು 'ಹೂಂ' ಅಂದ ಹಾಗೆ.

"ದೇವರೇ ಆರಿಸಿದ!" ಅಂತ ಫಸ್ಕಿನಸ್ ಎದ್ದು ನಿಂತ. ತಾವು ಪಾರಾದ ಖುಷಿಗೆ ಮಿಕ್ಕವರು ಹೊಡೆದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ.

ಮನೆಗೆ ಬಂದು ಹೇಳಿದೆ. ನನ್ನ ಹೆಂಡತಿಯ ಹೆಸರು ಅಮ್ಮಿಯ, ಹುಟ್ಟಿನಿಂದಲೇ ಕ್ರೈಸ್ತಳು. ಅವಳ ತಮ್ಮ ಟ್ರೋಫಿಮಸ್ ಈ ಊರ ಚರ್ಚಿನ ಹಿರಿಯ. ಅವಳು ರುಬ್ಬುತ್ತಿದ್ದ ಬೆಳ್ಳುಳ್ಳಿ ಬಿಟ್ಟು ನನ್ನ ಮುಖ ನೋಡಿದಳು.

"ಸೀನಿದ್ದಕ್ಕೆ ಪೂಜಾರಿ ಆದ್ರಿ. ಕೆಮ್ಮಿದ್ರೆ ಚಕ್ರವರ್ತೀನೇ ಆಗ್ತಿದ್ರೇನೋ."

"ನಾನೇನು ಬೇಕೂಂತ ಸೀನಿದ್ನಾ?"

"ಬೇಕೂಂತ ನೀವು ಯಾವತ್ತು ಏನು ಮಾಡಿದೀರಿ? ನನ್ನ ಮದುವೆ ಆಗಿದ್ದೂ ನಿಮ್ಮಪ್ಪ ದಬ್ಬಿದ್ದಕ್ಕೆ."

ನಿಜವೇ. ಆದರೆ ಅದಕ್ಕೆ ಪಶ್ಚಾತ್ತಾಪವಿಲ್ಲ ಅಂದೆ. "ನೋಡೋಣ, ಇದಕ್ಕೂ ಇರುತ್ತೋ ಇಲ್ವೋ" ಅಂದಳು.

ಜೂನ್ ೨೪

ಗುಡಿಯ ಬಾಗಿಲು ತೆರೆಸಿದೆವು. ಒಳಗೆ ಹುಲ್ಲು, ಆಡಿನ ಹಿಕ್ಕೆ, ಪಾರಿವಾಳ. ಸೂರ್ಯದೇವನ ಮೂರ್ತಿಗೆ ಮೂಗಿನ ತುದಿ ಇಲ್ಲ. ಚಾಚಿದ ಬಲಗೈಗೆ ಯಾರೋ ಈರುಳ್ಳಿ ಗೊಂಚಲು ಕಟ್ಟಿ ಒಣಗಿಹಾಕಿದ್ದರು.

ಗುಡಿಯ ಕೆಲಸಕ್ಕೆ ದಾದಸ್‌ನನ್ನು ಇಟ್ಟುಕೊಂಡಿದ್ದೇನೆ. ದಂಡಿನಿಂದ ನಿವೃತ್ತನಾದ ಮುದುಕ, ಒಂದು ಕಾಲು ಕುಂಟು, ಬಾಯಿ ಮಾತ್ರ ಸರಿಯಾಗಿದೆ. "ಒಡೆಯಾ, ದೇವರು ಇಷ್ಟು ವರ್ಷ ಈರುಳ್ಳಿ ಮಾರ್ಕೊಂಡು ಹೊಟ್ಟೆ ಹೊರೀತಿದ್ದ, ಪಾಪ" ಅಂದ.

ಮುಖಮಂಟಪದ ಎರಡು ಕಂಬ ಇಲ್ಲ. ಎಲ್ಲಿವೆ ಅಂತ ಊರಿಗೆಲ್ಲ ಗೊತ್ತು: ಟ್ರೋಫಿಮಸ್‌ನ ಚರ್ಚಿನ ಜಗಲಿಯ ಛಾವಣಿಯನ್ನು ಎತ್ತಿಹಿಡಿದಿವೆ. ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಜುಲೈ ೨

ಪೂಜಾರಿಯಾದವನು ಸೂರ್ಯ ಹುಟ್ಟುವ ಮೊದಲೇ ಎದ್ದು ಸ್ತೋತ್ರ ಹಾಡಬೇಕಂತೆ. ಎದ್ದೆ. ಮಂಡಿ ನೋವು. ಕೇಳಲಿಕ್ಕೆ ಒಂದು ನಾಯಿ ಇತ್ತು, ಅದೂ ಎರಡನೆಯ ಚರಣಕ್ಕೆ ಎದ್ದು ಹೋಯಿತು. ನಾನು ಹಾಡಿದರೂ ಸೂರ್ಯ ಹುಟ್ಟುತ್ತಾನೆ, ಹಾಡದಿದ್ದರೂ ಹುಟ್ಟುತ್ತಾನೆ. ಮಧ್ಯೆ ನನ್ನನ್ನು ಯಾಕೆ ಎಬ್ಬಿಸಬೇಕು?

ಜುಲೈ ೧೫

ಮೊದಲ ದೊಡ್ಡ ಹೋಮ. ಬಲಿಗೆ ಬಿಳಿ ಎತ್ತು. ಊರಿಗೆ ಊರೇ ಬಂತು. ನನಗೂ ಒಂದು ಗಳಿಗೆ ಎದೆ ಉಬ್ಬಿತು. ಮಾಂಸ ಹಂಚಿ ಮುಗಿದ ಮೇಲೆ ತಿರುಗಿ ನೋಡಿದರೆ ನಾನು, ದಾದಸ್, ನೊಣ.

"ಭಕ್ತಿ ಎಲ್ಲಾ ತೊಡೆ ಮಾಂಸದ ಕಡೆ ಇತ್ತು ಒಡೆಯಾ, ಕಾಲಿನ ಮೂಳೆ ಕಡೆ ಬರೋ ಹೊತ್ತಿಗೆ ಖಾಲಿ ಆಯ್ತು" ಅಂದ ದಾದಸ್.

ರಕ್ತದ ವಾಸನೆ ಹೋಗುವವರೆಗೆ ಅಮ್ಮಿಯ ನನ್ನನ್ನು ಒಳಗೆ ಬಿಡಲಿಲ್ಲ. ಹೊಂಡದ ಹತ್ತಿರ ಕೂತು ಮೂರು ಸಲ ಕೈ ಉಜ್ಜಿದೆ. ಸಂಜೆ ಹೆಂಡದಂಗಡಿಗೆ ಹೋದೆ. ಅಲ್ಲಿ ನನ್ನ ಹೊಸ ಹೆಸರು 'ಸೀನಪ್ಪ'.

ಆಗಸ್ಟ್ ೬

ಪ್ರಾಂತ್ಯದ ಮುಖ್ಯ ಪೂಜಾರಿಯ ಮೂಲಕ ಚಕ್ರವರ್ತಿಗಳ ಆಜ್ಞೆ ಬಂದಿದೆ, ಎಲ್ಲ ಪೂಜಾರಿಗಳಿಗೂ. ಪೂಜಾರಿ ಹೆಂಡದಂಗಡಿಗೆ ಕಾಲಿಡಬಾರದು. ನಾಟಕಕ್ಕೆ, ಕುದುರೆ ಓಟಕ್ಕೆ ಹೋಗಬಾರದು. ಸ್ತೋತ್ರಗಳು ಬಾಯಿಗೆ ಬರಬೇಕು. ಊರೂರಲ್ಲೂ ದಾರಿಹೋಕರಿಗೆ ಆಸರೆಯ ಮನೆ ತೆರೆಯಬೇಕು, ಹಸಿದವರಿಗೆ ಉಣಿಸಬೇಕು. ನಮ್ಮವರು ಹೊರಗಿನವರು ಅಂತ ಎಣಿಸಕೂಡದು. ಗಲಿಲಾಯದವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನೋಡಿ ನಾಚಿಕೆಯಾಗಬೇಡವೇ, ಅಂತ ಅದರ ತಾತ್ಪರ್ಯ.

ಊಟದ ಹೊತ್ತಿಗೆ ಅಮ್ಮಿಯಳಿಗೆ ಓದಿ ಹೇಳಿದೆ.

"ಗಲಿಲಾಯದವರು ಅಂದ್ರೆ ಯಾರು, ನಾವಾ? ನಾನು ಮಿರಂದ ಬಿಟ್ಟು ಸಂತೆಗೂ ಹೋದವಳಲ್ಲ!"

"ಕ್ರೈಸ್ತರಿಗೆ ಅವರು ಹಾಗಂತಾರೆ ಕಣೇ."

"ಹಾಗೆ ಬೈದು, ನಮ್ಮ ಅಡುಗೆಮನೇನೇ ಕದೀತಿದಾರೆ ನಿಮ್ಮ ಚಕ್ರವರ್ತಿ."

"ಒಳ್ಳೇದು ಯಾರ ಮನೇಲಿದ್ರೂ ಒಳ್ಳೇದೇ ಅಲ್ವಾ?"

"ಅದನ್ನೇ ನಾನು ಇಪ್ಪತ್ತು ವರ್ಷದಿಂದ ನಿಮಗೆ ಹೇಳ್ತಾ ಬಂದಿದೀನಿ" ಅಂತ ಇನ್ನೊಂದು ರೊಟ್ಟಿ ಹಾಕಿದಳು.

ಒಂದು ಮಾತು ಒಪ್ಪಬೇಕು. ಚಕ್ರವರ್ತಿ ಅಂದರೆ ಮೂವತ್ತೊಂದು ವರ್ಷದ ಹುಡುಗ, ತಲೆಯ ಮೇಲೆ ಇಡೀ ರೋಮ್ ಇದೆ, ಮುಂದೆ ಪರ್ಷಿಯದ ಯುದ್ಧ ಕಾದಿದೆ. ನೆಲದ ಮೇಲೆ ಮಲಗುತ್ತಾನಂತೆ, ಬೆರಳ ತುಂಬ ಮಸಿಯಂತೆ. ಅಷ್ಟರ ನಡುವೆ, ಯಾವುದೋ ಗುಡ್ಡದೂರಿನ ಪೂಜಾರಿ ಹಸಿದವನಿಗೆ ಗಂಜಿ ಹಾಕಿದನೋ ಇಲ್ಲವೋ ಅಂತ ಯೋಚಿಸುತ್ತಾನಲ್ಲ! ಇಂಥವನನ್ನು ನಾನಂತೂ ಕೇಳಿರಲಿಲ್ಲ. ಆದರೂ ಹೆಂಡದಂಗಡಿ ಬಿಡಿಸಿದ್ದು ಅನ್ಯಾಯ.

ಆಗಸ್ಟ್ ೨೦

ಗುಡಿಯ ಪಕ್ಕದ ಉದ್ದನೆಯ ಚಾವಡಿ ತೊಳೆಸಿ ಆಸರೆಯ ಮನೆ ಮಾಡಿದೆವು. ಹಂಡೆ ತುಂಬ ಗಂಜಿ ಕಾಯಿಸಿ ಕಾದೆವು. ಒಬ್ಬರೂ ಬರಲಿಲ್ಲ. ಬಡವರೆಲ್ಲ ಚರ್ಚಿನ ಹಿತ್ತಲಿಗೇ ಹೋದರು, ಅಮ್ಮಿಯ ಮತ್ತು ಅವಳ ಗೆಳತಿಯರು ದಿನಾ ಬಡಿಸುವ ಕಡೆಗೆ. ಸಂಜೆ ಒಬ್ಬ ಕುರುಡ ದಾರಿ ತಪ್ಪಿ ಬಂದ. ಒಂದು ತುತ್ತು ಬಾಯಿಗಿಟ್ಟು, "ಇದು ಚರ್ಚಲ್ಲ ಅಲ್ವಾ?" ಅಂದ.

"ಹೇಗೆ ಗೊತ್ತಾಯ್ತಪ್ಪಾ?"

"ಅಲ್ಲಿ ಬೇಳೆ ಬೆಂದಿರುತ್ತೆ."

ಅಮ್ಮಿಯಳಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಆಮೇಲೆ ಸೆರಗು ಬಿಗಿದು ನನ್ನ ಜೊತೆ ಬಂದಳು. ಗುಡಿಯ ಅಂಗಳಕ್ಕೆ ಮಾತ್ರ ಕಾಲಿಡಲಿಲ್ಲ, ಬೇಲಿಯಾಚೆ ನಿಂತೇ ಕೂಗಿ ಹೇಳಿಕೊಟ್ಟಳು: "ಬೇಳೆ ಮೊದಲು ನೆನೆಹಾಕ್ಬೇಕು ದಾದಸ್! ಉಪ್ಪು ಕೊನೇಲಿ! ಏ, ಹಂಡೆಗೆ ಬೆನ್ನು ತೋರಿಸ್ಕೊಂಡು ಯಾರಾದ್ರೂ ನಿಲ್ತಾರಾ!"

"ದಂಡಿನಲ್ಲೂ ಇಂಥ ಸೇನಾಪತಿ ನೋಡಿರಲಿಲ್ಲ" ಅಂದ ದಾದಸ್.

ಸೆಪ್ಟೆಂಬರ್ ೧೧



ಫಸ್ಕಿನಸ್ ಸೈನಿಕರನ್ನು ಕರೆದುಕೊಂಡು ಮತ್ತೆ ಬಂದ. ಗುಡಿಯ ಕಂಬ ಎಣಿಸಿ, ನೆಟ್ಟಗೆ ಚರ್ಚಿಗೆ ಹೋದ. ನಾನು ಉಣ್ಣೆ ಉಗ್ರಾಣದಲ್ಲಿದ್ದೆ. ಅಮ್ಮಿಯ ಓಡುತ್ತ ಬಂದಳು. ಅವಳು ಓಡಿದ್ದನ್ನು ಮದುವೆಯಾದ ಮೇಲೆ ನಾನು ನೋಡಿರಲಿಲ್ಲ.

"ರೀ, ತಮ್ಮನ್ನ ಕಟ್ಟಿಹಾಕಿದಾರೆ. ಚಾವಟಿ ತರಿಸಿದಾರೆ."

ಪೂಜಾರಿಯ ಬಿಳಿ ನಿಲುವಂಗಿ ಹಾಕಿಕೊಂಡು ಹೋದೆ. ಯಾಕೆ ಹಾಕಿಕೊಂಡೆನೋ, ಕೈಗೆ ಅದೇ ಸಿಕ್ಕಿತು. ಟ್ರೋಫಿಮಸ್‌ನ ಅಂಗಿ ಬಿಚ್ಚಿ ಆ ಎರಡು ಕಂಬಗಳಲ್ಲೊಂದಕ್ಕೆ ಬಿಗಿದಿದ್ದರು. ಕೃಶ ಮನುಷ್ಯ, ಪಕ್ಕೆಲುಬು ಎಣಿಸಬಹುದು.

"ಕಂಬ ತೆಗೆದ್ರೆ ಛಾವಣಿ ಬೀಳುತ್ತೆ" ಅನ್ನುತ್ತಿದ್ದ ಅವನು, ಸಮಾಧಾನದ ದನಿಯಲ್ಲೇ. "ನನ್ನ ಕೈಯಾರೆ ದೇವರ ಮನೆ ಕೆಡವೋದಿಲ್ಲ. ನೀವು ಕೆಡವಿ. ನಾನು ಕೆಳಗೇ ನಿಂತಿರ್ತೀನಿ."

"ಬಾಯ್ಮುಚ್ಚು" ಅಂದ ಫಸ್ಕಿನಸ್. ನನ್ನನ್ನು ಕಂಡು, "ಬಾ ಪೂಜಾರಿ, ನಿನ್ನ ಕಂಬ ವಾಪಸ್ ಕೊಡಿಸ್ತೀನಿ."

"ಕಂಬ ನನ್ನದಲ್ಲ, ದೇವರದ್ದು" ಅಂದೆ.

"ಅದೇ."

"ದೇವರ ಪರವಾಗಿ ಮಾತಾಡೋನು ಈ ಊರಲ್ಲಿ ಯಾರು?"

ಅವನು ನನ್ನ ನಿಲುವಂಗಿ ನೋಡಿ, "ನೀನು" ಅಂದ.

"ಹಾಗಾದ್ರೆ ಕೇಳಿ. ಸೂರ್ಯದೇವನಿಗೆ ಈ ಕಂಬ ಬೇಡ. ಅವನು ಕಂಬ ಊರ್ಕೊಂಡು ಮೇಲೇಳೋನಲ್ಲ."

ಸೈನಿಕರಲ್ಲಿ ಯಾರೋ ನಕ್ಕರು. ಫಸ್ಕಿನಸ್ ಕೆಂಪಗಾದ. "ಸೀನಿ ಪೂಜಾರಿಯಾದೋನು ನನಗೆ ಪಾಠ ಹೇಳ್ತೀಯ? ಇದು ಚಕ್ರವರ್ತಿಗಳ ಆಜ್ಞೆ!"

"ಗಲಿಲಾಯದವರಿಗೆ ಹೊಡೀಬೇಡಿ, ಹೊಡೆದು ಯಾರನ್ನೂ ದೇವರ ಹತ್ತಿರ ತರೋಕಾಗಲ್ಲ, ಅನ್ನೋದೂ ಅವರದ್ದೇ ಆಜ್ಞೆ. ಅಂತಿಯೋಕಕ್ಕೆ ಬರೆದು ಕೇಳೋಣ. ಚಾವಟಿ ಬೀಸಿದ ಕೈ ಯಾರದ್ದು ಅಂತಲೂ ಬರೀತೀನಿ."

ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ! ಫಸ್ಕಿನಸ್ ಚಾವಟಿ ಕೆಳಗಿಳಿಸಲು ಕೈ ಮಾಡಿದ. ಆಮೇಲೆ ಹಗ್ಗ ಬಿಚ್ಚಿಸಿ ಕುದುರೆ ಹತ್ತಿದ.

ಟ್ರೋಫಿಮಸ್ ಅಂಗಿ ತೊಟ್ಟುಕೊಳ್ಳುತ್ತ, "ಭಾವ, ನೀವು ಬಿಡಿಸಿದ್ದು ನನಗೆ ಇಷ್ಟ ಆಗ್ಲಿಲ್ಲ" ಅಂದ.

"ನನಗೂ ಆಗ್ಲಿಲ್ಲಪ್ಪ. ಉಣ್ಣೆ ತೂಗೋದು ಅರ್ಧಕ್ಕೇ ನಿಂತಿದೆ."

"ದೇವರಿಗಾಗಿ ಪ್ರಾಣ ಕೊಡೋ ಯೋಗ ಬಂದಿತ್ತು, ತಪ್ಪಿಸಿದ್ರಿ."

ಅಮ್ಮಿಯ ಅವನ ತಲೆಯ ಮೇಲೆ ಒಂದು ಮೊಟಕಿದಳು. "ಯೋಗವಂತೆ ಯೋಗ! ನಡಿ, ಬಿಸಿ ಹಾಲು ಕುಡಿ ಮೊದಲು."

ಅಕ್ಟೋಬರ್ ೩

ಕ್ರೈಸ್ತರು ಶಾಲೆಯಲ್ಲಿ ಹಳೆಯ ಕಾವ್ಯ ಕಲಿಸಕೂಡದು ಅಂತ ಆಜ್ಞೆ. ನಂಬದ ದೇವರ ಕಥೆಯನ್ನು ಕಲಿಸುವುದು ಸುಳ್ಳಾಡಿದ ಹಾಗಂತೆ. ನಮ್ಮ ಊರ ಕ್ರೈಸ್ತ ಮೇಷ್ಟ್ರು ಕೆಲಸ ಬಿಟ್ಟು ಹೋದರು, ಒಳ್ಳೆಯ ಮನುಷ್ಯ. ಇದೊಂದು ನನಗೆ ಒಗ್ಗಲಿಲ್ಲ. ಅಷ್ಟು ಓದಿದ ಚಕ್ರವರ್ತಿಗಳಿಗೆ ಇದು ಹೇಗೆ ಒಗ್ಗಿತೋ? ಬೆಳಿಗ್ಗೆ ಹಾಡುವಾಗಲೂ ಅದೇ ಯೋಚನೆ, ಒಂದು ಸಾಲು ತಪ್ಪಿತು. ಮತ್ತೆ ಮೊದಲಿಂದ ಹಾಡಿದೆ.

ಡಿಸೆಂಬರ್ ೨೪

ಇವತ್ತು ಸೂರ್ಯ ಹುಟ್ಟುವಾಗ ಗುಡ್ಡದ ಹಿಮವೆಲ್ಲ ಮೊದಲು ನೇರಳೆಯಾಗಿ, ಆಮೇಲೆ ದಾಳಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಇಷ್ಟು ವರ್ಷ ಇದೇ ಊರಲ್ಲಿದ್ದೇನೆ, ಇದನ್ನು ಮೊದಲು ಯಾರೂ ಹೇಳಿರಲಿಲ್ಲ.

ಮಳೆ ಕೈಕೊಟ್ಟ ವರ್ಷ. ಧಾನ್ಯ ಸಾಲದು. ಪೂರ್ವಕ್ಕೆ ಹೋಗುವ ದಂಡಿನ ಹಿಂದೆ ಜ್ವರವೂ ಬಂದಿದೆ. ಚರ್ಚಿನ ಹಿತ್ತಲು ತುಂಬಿ ನಮ್ಮ ಚಾವಡಿಯೂ ತುಂಬಿತು. ಈಗ ಇದು ಯಾರ ಗಂಜಿ ಅಂತ ಕೇಳುವವರಿಲ್ಲ. ಬೇಳೆ ಮುಗಿದರೆ ಅಮ್ಮಿಯ ಕಳಿಸುತ್ತಾಳೆ, ಕಟ್ಟಿಗೆ ಮುಗಿದರೆ ನಾನು ಕಳಿಸುತ್ತೇನೆ. ಚಾವಡಿಯಲ್ಲಿ ಚಳಿ ತಡೆಯದೆ ಜ್ವರದವರನ್ನು ಗುಡಿಯ ಒಳಗೇ ಮಲಗಿಸಿದ್ದೇವೆ. ಪೂಜೆಗೆ ಜಾಗ ಕಡಿಮೆಯಾಯಿತು ಅಂತ ಮುಖ್ಯ ಪೂಜಾರಿಗೆ ಯಾರೋ ದೂರು ಕೊಟ್ಟರಂತೆ. ಕೊಡಲಿ.

ದಾರಿಯಲ್ಲಿ ಹೆಂಡದಂಗಡಿಯವನು ಸಿಕ್ಕ. "ಏನು ಸೀನಪ್ಪ, ಈ ಕಡೆ ತಲೆ ಹಾಕಿ ಎಷ್ಟು ತಿಂಗಳಾಯ್ತು!" ಅಂದ. ಎಷ್ಟಾಯಿತು ಅಂತ ನೆನಪಾಗಲಿಲ್ಲ.

ಜನವರಿ ೧೭

ಪೂರ್ವದ ದಾರಿಯಿಂದ ಬಂದ ಒಬ್ಬ ಹೆಂಗಸು. ಯಾವ ಊರೋ, ಯಾರೋ, ಹೆಸರು ಹೇಳುವಷ್ಟು ಉಸಿರಿಲ್ಲ. ಕೊರಳಲ್ಲಿ ಮರದ ಪುಟ್ಟ ಮೀನು, ಕ್ರೈಸ್ತರು ಹಾಕಿಕೊಳ್ಳುವಂಥದು. "ನಮ್ಮವರನ್ನ ಕರೀರಿ, ನಮ್ಮವರನ್ನ" ಅಂತ ಒಂದೇ ಮಾತು. ಟ್ರೋಫಿಮಸ್‌ಗೆ ಹೇಳಿಕಳಿಸಿದೆ. ಹಿಮದಲ್ಲೇ ಬಂದ. ಬಂದವನು ಹೊಸ್ತಿಲ ಹೊರಗೆ ನಿಂತ.

"ಭಾವ, ಇದನ್ನ ನಾನು ದಾಟಲಾರೆ. ಒಳಗೆ ನಿಮ್ಮ ವಿಗ್ರಹ ಇದೆ. ಅವಳನ್ನ ಹೊರಗೆ ತನ್ನಿ."

"ಹೊರಗೆ ತಂದ್ರೆ ಈಗಲೇ ಹೋಗ್ತಾಳೆ."

"ಗೊತ್ತು. ಆದ್ರೂ ನಾನು ದಾಟಲಾರೆ." ಅವನ ಮುಖ ನೋಡಲಾಗಲಿಲ್ಲ. ಹಟ ಅಲ್ಲ, ಸಂಕಟ.

ಕಂಬಳಿಗಳೆಲ್ಲ ರೋಗಿಗಳ ಮೈಮೇಲಿದ್ದವು. ನನ್ನ ಬಿಳಿ ನಿಲುವಂಗಿ ಬಿಚ್ಚಿ, ದಾದಸ್‌ನ ಹೆಗಲ ಮೇಲೆ ಕಾಲಿಟ್ಟು ಹತ್ತಿ, ಮೂರ್ತಿಯ ತಲೆಯಿಂದ ಮಂಡಿಯವರೆಗೆ ಹೊದಿಸಿದೆ.

"ಈಗ ಬಾ. ಅವನು ಮಲಗಿದಾನೆ."

ಟ್ರೋಫಿಮಸ್ ಬಂದ. ಅವಳ ಪಕ್ಕ ಕೂತು ಅವರ ಪ್ರಾರ್ಥನೆ ಹೇಳಿದ. ಅವಳು ಒಂದು ಕೈಯಲ್ಲಿ ಅವನ ಕೈಯನ್ನೂ ಇನ್ನೊಂದರಲ್ಲಿ ನನ್ನದನ್ನೂ ಹಿಡಿದಿದ್ದಳು. ಹಾಗೇ ಹೋದಳು.

ಹೆಣ ಮುಟ್ಟಿದ ಪೂಜಾರಿಗೆ ಮೈಲಿಗೆ. ಕೆಲವು ದಿನ ಹೋಮದ ಕಟ್ಟೆಯ ಹತ್ತಿರ ಹೋಗಬಾರದು. ಹೊಂಡದ ಮಂಜುಗಡ್ಡೆ ಒಡೆದು ಮಿಂದೆ. ಸ್ತೋತ್ರವನ್ನು ಬೇಲಿಯ ಹೊರಗಿಂದ ಹಾಡುತ್ತಿದ್ದೇನೆ. ಅಲ್ಲಿಂದಲೂ ಗುಡ್ಡ ಚೆನ್ನಾಗಿಯೇ ಕಾಣುತ್ತದೆ.

ಮಾರ್ಚ್ ೨೮

ಚಕ್ರವರ್ತಿಗಳು ಅಂತಿಯೋಕ ಬಿಟ್ಟು ಪರ್ಷಿಯದ ಕಡೆ ಹೊರಟರಂತೆ. ಅಂತಿಯೋಕದ ಜನ ಅವರ ಗಡ್ಡವನ್ನು ಹಾಡು ಕಟ್ಟಿ ಹಂಗಿಸಿದರಂತೆ, ಅವರು ಸೈನಿಕರನ್ನು ಬಿಡುವ ಬದಲು ತಾವೂ ತಿರುಗಿ ಒಂದು ಹಾಸ್ಯ ಬರೆದು ಅಂಟಿಸಿದರಂತೆ. ಇದನ್ನು ಕೇಳಿ ಟ್ರೋಫಿಮಸ್‌ಗೂ ನಗು ಬಂತು. "ಮನುಷ್ಯ ತಪ್ಪು ದಾರೀಲಿದಾನೆ ಭಾವ. ಆದ್ರೆ ನಡಿಗೆ ಮಾತ್ರ ಚೆನ್ನಾಗಿದೆ" ಅಂದ.

ಬೆಳಿಗ್ಗೆ ಚಕ್ರವರ್ತಿಗಳ ಹೆಸರು ಹೇಳಿ ಬೇಡಿಕೊಂಡೆ. ತೆಳು ಮೋಡ, ಹಳದಿ ಬೆಳಕು. ಜ್ವರದವರಲ್ಲಿ ಇಬ್ಬರು ಎದ್ದು ಕೂತರು.

ಜುಲೈ ೧೬

ಸತ್ತರು.

ಜುಲೈ ೧೭

ನಿನ್ನೆ ಅಷ್ಟೇ ಬರೆಯಲಾಯಿತು. ಪರ್ಷಿಯದ ಮರಳಿನಲ್ಲಿ ಚಕ್ರವರ್ತಿಗಳಿಗೆ ಈಟಿ ತಗುಲಿತಂತೆ. ಕವಚ ಹಾಕಿಕೊಳ್ಳಲಿಕ್ಕೂ ನಿಲ್ಲದೆ ಮುಂದೆ ನುಗ್ಗಿದ್ದರಂತೆ. ಪಕ್ಕದಲ್ಲಿದ್ದವರು ಅಳುತ್ತಿದ್ದರೆ ಅವರನ್ನೇ ಗದರಿ, ಆತ್ಮದ ವಿಷಯ ಮಾತಾಡುತ್ತ ಪ್ರಾಣ ಬಿಟ್ಟರಂತೆ. ಮೂವತ್ತೆರಡೂ ತುಂಬಿತ್ತೋ ಇಲ್ಲವೋ. ದಂಡು ಆರಿಸಿದ ಹೊಸ ಚಕ್ರವರ್ತಿ ಕ್ರೈಸ್ತ.

ಅಮ್ಮಿಯ ಗೆದ್ದವಳ ಹಾಗೆ ನಡೆದುಕೊಳ್ಳಲಿಲ್ಲ. ನನ್ನ ಎದುರಿಗೆ ಆಲಿವ್ ಬಟ್ಟಲು ಇಟ್ಟು, "ಆ ಹುಡುಗನಿಗೆ ತಾಯಿ ಇದ್ದಾಳೇನ್ರೀ?" ಅಂತ ಕೇಳಿದಳು. ಅವನು ಎಳೆಯ ಮಗುವಾಗಿದ್ದಾಗಲೇ ಸತ್ತಳು ಅಂದೆ. ಅವಳು ಮುಖ ಆಚೆ ತಿರುಗಿಸಿದಳು.

ಜುಲೈ ೨೦

ಮಧ್ಯಾಹ್ನ ಬಂದರು. ಸುತ್ತಿಗೆ, ಹಾರೆ, ಹಗ್ಗ. ಹೆಚ್ಚಿನವರು ನಾನು ಎತ್ತಿ ಆಡಿಸಿದ ಹುಡುಗರೇ. ಹೊಸ ಚಕ್ರವರ್ತಿ ಬಂದ ಖುಷಿಗೆ ಕುಡಿದಿದ್ದರು. ಹಿಂದೆ ನಗರಸಭೆಯ ಇಬ್ಬರು ಹಿರಿಯರೂ ನಿಂತಿದ್ದರು. ಹೋದ ವರ್ಷ ನನಗೆ ಚಪ್ಪಾಳೆ ಹೊಡೆದವರೇ.

ಬಾಗಿಲಿಗೆ ಅಡ್ಡ ನಿಂತೆ. "ಕೆಡವೋದಾದ್ರೆ ಕೆಡವಿ, ನಾನು ಒಬ್ಬನೇ ಏನು ತಡೆಯೋಕಾಗುತ್ತೆ. ಆದ್ರೆ ಒಳಗೆ ಜ್ವರದವರು ಮಲಗಿದಾರೆ. ಮೊದಲು ಅವರನ್ನ ಹೊರಗೆ ತರ್ಬೇಕು. ಕೈ ಕೊಡೋರು ಯಾರು?"

"ಸರಿಯೋ ಸೀನಪ್ಪ!" ಅಂತ ಯಾರೋ ಕೂಗಿದರು. ಒಂದು ಕಲ್ಲು ಹಣೆಗೆ ಬಿತ್ತು. ಕಣ್ಣಿಗೆ ರಕ್ತ ಇಳಿದು ಏನೂ ಕಾಣಲಿಲ್ಲ. ಬಾಗಿಲು ಬಿಡಲಿಲ್ಲ. ದಾದಸ್ ಹಳೆಯ ಕತ್ತಿ ಎಳೆದ, "ಒಳಗಿಡೋ ಮುದುಕಾ" ಅಂದೆ.

ಆಗ ಅಮ್ಮಿಯಳ ದನಿ ಕೇಳಿಸಿತು. ಚರ್ಚಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಗುಂಪಿನ ನಡುವೆಯೇ ತಳ್ಳಿಕೊಂಡು ಬಂದಳು, ಬಡಿಸುವ ಸೌಟು ಇನ್ನೂ ಕೈಯಲ್ಲಿತ್ತು.

"ಏ ಕ್ಲಿಯೋನ್! ಆ ಸುತ್ತಿಗೆ ಕೆಳಗಿಡೋ. ಹೋದ ಚಳೀಲಿ ನಿಮ್ಮಮ್ಮ ಎಲ್ಲಿ ಮಲಗಿದ್ಳೋ? ನಾಲಿಗೆ ಹೋಯ್ತಾ? ನೀನು ಮಾನಸ್, ನಿನ್ನ ಮಗೂಗೆ ಹಾಲು ಯಾರು ಕುಡಿಸಿದ್ರೋ? ದೇವರ ಹೆಸರು ಹೇಳ್ಕೊಂಡು ಜ್ವರದವರ ಮೇಲೆ ಕಲ್ಲು ಹೊಡೀತೀರಾ? ಯಾವ ಪುಸ್ತಕದಲ್ಲಿ ಓದಿದ್ರೋ ಇದನ್ನ?"

ಇಷ್ಟು ದಿನ ಬೇಲಿ ದಾಟದಿದ್ದವಳು ನೇರ ಗುಡಿಯ ಒಳಗೇ ನಡೆದು, ಒಂದು ಚಾಪೆಯ ತುದಿ ಹಿಡಿದು, "ಹಿಡ್ಕೊಳ್ರೋ!" ಅಂದಳು. ಕ್ಲಿಯೋನ್ ಇನ್ನೊಂದು ತುದಿ ಹಿಡಿದ. ಆಮೇಲೆ ಮಾನಸ್. ಆಮೇಲೆ ಎಲ್ಲರೂ. ಟ್ರೋಫಿಮಸ್ ಕೊನೆಗೆ ಓಡಿಬಂದ, ಏದುಸಿರು. ಒಬ್ಬ ಮುದುಕನನ್ನು ಬೆನ್ನ ಮೇಲೆ ಹೊತ್ತು ಚರ್ಚಿಗೆ ಹೋದ.

ಎಲ್ಲರನ್ನೂ ಸಾಗಿಸಿದ ಮೇಲೆ ಮೂರ್ತಿ ಒಡೆದರು. ಮೊದಲಿನ ಹುರುಪಿರಲಿಲ್ಲ, ಆದರೂ ಒಡೆದರು. ನಾನು ಅಂಗಳದಲ್ಲಿ ಕೂತು ನೋಡಿದೆ. ಅಮ್ಮಿಯ ಹಣೆಗೆ ಬಟ್ಟೆ ಕಟ್ಟುತ್ತಿದ್ದಳು. "ನೋಡ್ಬೇಡ್ರೀ" ಅಂದಳು. ನೋಡದೆ ಹೇಗಿರಲಿ?

ಜುಲೈ ೨೩

ಟ್ರೋಫಿಮಸ್ ಬಂದಿದ್ದ. ಹುಡುಗರಿಗೆ ಚರ್ಚಿನಲ್ಲಿ ಎಲ್ಲರೆದುರು ಛೀಮಾರಿ ಹಾಕಿದನಂತೆ. ಆಮೇಲೆ ಹೇಳಿದ:

"ಭಾವ, ಒಂದು ಮಾತು ಹೇಳಿ ಸಾಕು. ಒತ್ತಾಯಕ್ಕೆ ಪೂಜಾರಿಯಾದೆ, ಮನಸ್ಸಿರಲಿಲ್ಲ ಅಂತ. ನಗರಸಭೆಯ ಜಾಗ ಉಳಿಯುತ್ತೆ, ವ್ಯಾಪಾರ ಉಳಿಯುತ್ತೆ. ಯಾರೂ ನಿಮ್ಮ ತಂಟೆಗೆ ಬರದ ಹಾಗೆ ನಾನು ನೋಡ್ಕೋತೀನಿ. ಸುಳ್ಳೂ ಅಲ್ವಲ್ಲ ಅದು. ಊರಿಗೆಲ್ಲ ಗೊತ್ತು."

ನಿಜ. ಸುಳ್ಳಲ್ಲ. ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಮತ್ತೆ ತೆರೆದೆ, ಬರಲಿಲ್ಲ. ಮೊನ್ನೆ ಮೂರ್ತಿ ಒಡೆದಾಗ ಎದ್ದ ಧೂಳು ಇನ್ನೂ ಗಂಟಲಲ್ಲಿರಬೇಕು.

ಅವನು ಕಾದ. ಆಮೇಲೆ ಎದ್ದು ನನ್ನ ಭುಜ ಮುಟ್ಟಿದ. "ನಮ್ಮ ಜೊತೆ ಇದ್ದಿದ್ರೆ ನಿಮ್ಮಂಥೋರು..." ಅಂದ. ಆಸರೆಯ ಮನೆಯ ಬೀಗದ ಕೈ ಅವನಿಗೆ ಕೊಟ್ಟೆ. ಇನ್ನು ಅದು ಚರ್ಚಿನದು, ದಾದಸ್ ಅಲ್ಲೇ ಅಡುಗೆ ಮಾಡಿಕೊಂಡಿರುತ್ತಾನೆ. ಬೇಳೆ ರಾತ್ರಿಯೇ ನೆನೆಹಾಕಬೇಕು ಅಂತ ಹೇಳಿದೆ. "ನಮ್ಮಕ್ಕನ ಪಾಠ ನಮಗೇ ಹೇಳ್ತೀರಲ್ಲ ಭಾವ" ಅಂದ. ಇಬ್ಬರೂ ನಕ್ಕೆವು.

ಆಗಸ್ಟ್ ೨

ನಗರಸಭೆಯಿಂದ ನನ್ನ ಹೆಸರು ಹೊಡೆದುಹಾಕಿದರು. ಉಣ್ಣೆ ಕೊಳ್ಳುವವರಲ್ಲಿ ಮೂವರು ಈ ವರ್ಷ ಬೇಡ ಅಂದರು. ಗುಡಿಯ ಬಾಗಿಲಿಗೆ ಹಲಗೆ ಜಡಿದಿದ್ದಾರೆ, ಅಂಗಳಕ್ಕೂ ಯಾರೂ ಹೋಗುವ ಹಾಗಿಲ್ಲ.

ಗುಡಿಯ ಹಿಂದಿನ ದಿಬ್ಬಕ್ಕೆ ಬೇಲಿ ಇಲ್ಲ. ಅಲ್ಲಿ ನಿಂತು ಹಾಡುತ್ತಿದ್ದೇನೆ. ಬೆಂಕಿ ಇಲ್ಲ, ಧೂಪ ಇಲ್ಲ. ಹೇಗೂ ಆ ಹೊತ್ತಿಗೆ ಎಚ್ಚರವಾಗುತ್ತದಲ್ಲ.

ಆಗಸ್ಟ್ ೫

ಹೊರಡುವಾಗ ಅಮ್ಮಿಯಳೂ ಎದ್ದಳು. "ದಾರೀಲಿ ಮತ್ತೆ ಯಾರಾದ್ರೂ ಕಲ್ಲು ಹೊಡೆದ್ರೆ? ನಾನಿದ್ರೆ ಹೊಡೆಯಲ್ಲ" ಅಂದಳು. ಬೇಡ ಅಂದೆ, ಕೇಳಲಿಲ್ಲ. ದಿಬ್ಬದ ಮೇಲೆ ನನ್ನ ಪಕ್ಕದಲ್ಲೇ ನಿಂತಳು. ಆದರೆ ಮೂಡಣಕ್ಕೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ. ನಾನು ಹಾಡುವಾಗ ಅವಳು ಮೆಲ್ಲಗೆ ತನ್ನ ಪ್ರಾರ್ಥನೆ ಹೇಳಿಕೊಂಡಳು. ಬೆಳಕು ಮೊದಲು ಅವಳ ಬೆನ್ನ ಮೇಲೆ ಬಿತ್ತು.

ಆಗಸ್ಟ್ ೧೪

ದಟ್ಟ ಮೋಡ. ಹಾಡಿ ಮುಗಿಸಿದರೂ ಏನೂ ಕಾಣಲಿಲ್ಲ. ಹನಿ ಬೀಳತೊಡಗಿತು.

"ಇವತ್ತು ನಿಮ್ಮ ದೇವರೇ ಬಂದಿಲ್ಲ" ಅಂದಳು ಅಮ್ಮಿಯ. "ನಡೀರಿ ಮನೆಗೆ."

"ಇರೇ ಸ್ವಲ್ಪ. ಬರ್ತಾನೆ."

ಅವಳು ಒಂದು ಕಲ್ಲು ನೋಡಿ ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅದರ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದಳು.